ಔಫ್‌ಹೇಬೆನ್: ಒಂದು ಜರ್ಮನ್ ಕ್ರಿಯಾಪದದ ಅರ್ಥಚರಿತ್ರೆ ಮತ್ತು ಕನ್ನಡದ ‘ಎತ್ತು’

ಜರ್ಮನ್ ಭಾಷೆಯ ‘ಔಫ್‌ಹೇಬೆನ್’ ಎಂಬ ಕ್ರಿಯಾಪದಕ್ಕೆ ದಿನಬಳಕೆಯಲ್ಲಿ ಮೂರು ಮುಖ್ಯ ಅರ್ಥಗಳಿವೆ. ನೆಲಕ್ಕೆ ಬಿದ್ದ ಪೆನ್ನನ್ನು ಎತ್ತಿಕೊಳ್ಳುವುದು ಒಂದು. ಅಂಗಡಿಯ ರಸೀದಿಯನ್ನು ಮುಂದೆ ಬೇಕಾದೀತೆಂದು ಎತ್ತಿಡುವುದು ಇನ್ನೊಂದು. ಜಾರಿಯಲ್ಲಿರುವ ನಿಷೇಧವನ್ನೋ ಕಾನೂನನ್ನೋ ತೆಗೆದುಹಾಕುವುದು ಮೂರನೆಯದು. ಇವುಗಳಲ್ಲಿ ಎರಡನೆಯದಕ್ಕೂ ಮೂರನೆಯದಕ್ಕೂ ನೇರ ವಿರೋಧ: ಒಂದರಲ್ಲಿ ವಸ್ತು ಉಳಿಯುತ್ತದೆ, ಇನ್ನೊಂದರಲ್ಲಿ ಇಲ್ಲವಾಗುತ್ತದೆ. ಈ ವಿರೋಧವನ್ನೇ ಆಧಾರವಾಗಿಟ್ಟುಕೊಂಡು ಜರ್ಮನ್ ತತ್ತ್ವಜ್ಞಾನಿ ಹೆಗೆಲ್ ತನ್ನ ತರ್ಕಶಾಸ್ತ್ರದ ಒಂದು ಮುಖ್ಯ ಪರಿಕಲ್ಪನೆಯನ್ನು ಕಟ್ಟಿದ. ಅಂದಿನಿಂದ ಈ ಪದ ಜರ್ಮನ್ ಭಾಷೆಯ ವಿಶಿಷ್ಟ ಸಂಪತ್ತು, ಬೇರೆ ಭಾಷೆಗೆ ತರಲಾಗದ್ದು ಎಂಬ ಮಾತು ತತ್ತ್ವಶಾಸ್ತ್ರದ ಪುಸ್ತಕಗಳಲ್ಲಿ ಬೇರೂರಿದೆ. ಆದರೆ ಕನ್ನಡ, ತೆಲುಗುಗಳ ‘ಎತ್ತು’ ಧಾತುವಿನ ಬಳಕೆಯನ್ನು ಇದರ ಪಕ್ಕದಲ್ಲಿಟ್ಟರೆ ಆ ಮಾತಿನ ಅರ್ಧ ಮಾತ್ರ ನಿಲ್ಲುತ್ತದೆ. ಮೂರು ಅರ್ಥಗಳೂ ಕನ್ನಡದಲ್ಲಿಯೂ ಒಂದೇ ಧಾತುವಿನಿಂದ ಹುಟ್ಟಿವೆ. ಅವನ್ನು ಬೇರ್ಪಡಿಸುವ ಕೆಲಸ ಮಾತ್ರ ಬೇರೆ ಕಡೆ ನಡೆಯುತ್ತದೆ.

ಔಫ್‌ಹೇಬೆನ್ ಎರಡು ತುಂಡುಗಳ ಪದ. ‘ಔಫ್’ ಎಂದರೆ ಮೇಲೆ, ಮೇಲಕ್ಕೆ. ‘ಹೇಬೆನ್’ ಎಂದರೆ ಎತ್ತು. ಕೋಶದಲ್ಲಿ ಎರಡೂ ಕೂಡಿಯೇ ಇರುತ್ತವೆ. ಆದರೆ ಸರಳ ವಾಕ್ಯಕ್ಕೆ ಬಂದ ಕೂಡಲೇ ಅಗಲುತ್ತವೆ. ‘ಅವನು ಪತ್ರವನ್ನು ಎತ್ತುತ್ತಾನೆ’ ಎನ್ನಬೇಕಾದರೆ ಜರ್ಮನ್ನರು ‘ಎರ್ ಹೇಬ್ಟ್ ಡೆನ್ ಬ್ರೀಫ್ ಔಫ್’ ಎನ್ನುತ್ತಾರೆ. ಕ್ರಿಯಾಪದ ವಾಕ್ಯದ ಎರಡನೆಯ ಸ್ಥಾನದಲ್ಲಿ ನಿಲ್ಲುತ್ತದೆ, ‘ಔಫ್’ ಕೊನೆಗೆ ಹೋಗುತ್ತದೆ, ಕರ್ಮಪದವೂ ಉಳಿದೆಲ್ಲವೂ ನಡುವೆ ಸಿಕ್ಕಿಕೊಳ್ಳುತ್ತವೆ. ಅಧೀನ ವಾಕ್ಯದಲ್ಲಿ ಕ್ರಿಯಾಪದವೇ ಕೊನೆಗೆ ಬರುವುದರಿಂದ ಎರಡೂ ಮತ್ತೆ ಕೂಡಿ ‘ಔಫ್‌ಹೇಬ್ಟ್’ ಆಗುತ್ತದೆ. ಭೂತಕೃದಂತದಲ್ಲಿ ‘ಗೆ’ ಎಂಬುದು ನಡುವೆ ನುಸುಳಿ ‘ಔಫ್‌ಗೆಹೋಬೆನ್’ ಎಂದೂ, ‘ತ್ಸು’ ಸೇರಿದಾಗ ‘ಔಫ್‌ತ್ಸುಹೇಬೆನ್’ ಎಂದೂ ರೂಪ ಬದಲಾಗುತ್ತದೆ. ಒತ್ತು ಯಾವಾಗಲೂ ‘ಔಫ್’ ಮೇಲೆಯೇ. ಬೆ, ಎರ್, ಫೆರ್, ತ್ಸೆರ್, ಎಂಟ್ ಮುಂತಾದ ಒತ್ತಿಲ್ಲದ ಉಪಸರ್ಗಗಳು ಹೀಗೆ ಎಂದೂ ಅಗಲುವುದಿಲ್ಲ. ಅದೇ ಧಾತುವಿನಿಂದ ಬಂದ ‘ಎರ್‌ಹೇಬೆನ್’ ಎಲ್ಲ ವಾಕ್ಯಗಳಲ್ಲೂ ಇಡಿಯಾಗಿಯೇ ಇರುತ್ತದೆ. ಕೆಲವು ಉಪಸರ್ಗಗಳು ಎರಡೂ ಬಗೆಯಲ್ಲಿ ನಡೆದುಕೊಳ್ಳುತ್ತವೆ. ‘ಯೂಬರ್‌ಸೆಟ್ಸೆನ್’ ಎಂಬುದರಲ್ಲಿ ಒತ್ತು ಮೊದಲ ತುಂಡಿನ ಮೇಲೆ ಬಿದ್ದರೆ ಅದು ಅಗಲುವ ಪದ, ಅರ್ಥ ದೋಣಿಯಲ್ಲಿ ಆಚೆ ದಡಕ್ಕೆ ಸಾಗಿಸುವುದು. ಒತ್ತು ಧಾತುವಿನ ಮೇಲೆ ಬಿದ್ದರೆ ಅಗಲದ ಪದ, ಅರ್ಥ ಅನುವಾದಿಸುವುದು.

ಇಂಥ ಅಗಲಿಕೆ ಭಾರತದ ವ್ಯಾಕರಣಕ್ಕೆ ಹೊಸದಲ್ಲ. ವೇದಗಳ ಭಾಷೆಯಲ್ಲಿ ಉಪಸರ್ಗವು ಧಾತುವಿನಿಂದ ದೂರ ನಿಲ್ಲಬಹುದಿತ್ತು. ಉಪಸರ್ಗ ಧಾತುವಿನ ಮುಂದೆಯೇ ಬರಬೇಕೆಂಬ ಸಾಮಾನ್ಯ ನಿಯಮವನ್ನು ಹೇಳಿದ ಪಾಣಿನಿ, ಅಷ್ಟಾಧ್ಯಾಯಿಯ ಮೊದಲ ಅಧ್ಯಾಯದ ನಾಲ್ಕನೆಯ ಪಾದದಲ್ಲಿ (1.4.80ರಿಂದ 82) ವೇದದಲ್ಲಿ ಅದು ಧಾತುವಿನ ನಂತರವೂ, ನಡುವೆ ಬೇರೆ ಪದಗಳನ್ನು ಬಿಟ್ಟೂ ಬರಬಹುದೆಂದು ಅಪವಾದ ಕೊಡುತ್ತಾನೆ. ಲೌಕಿಕ ಸಂಸ್ಕೃತದಲ್ಲಿ ಈ ಸ್ವಾತಂತ್ರ್ಯ ಹೋಯಿತು. ಜರ್ಮನ್ ಅದನ್ನು ನಿಯಮಕ್ಕೆ ಕಟ್ಟಿ ಉಳಿಸಿಕೊಂಡಿತು.

ಜರ್ಮನ್‌ನ ನೆಂಟಭಾಷೆಗಳಲ್ಲಿ ಈ ಕಥೆಯ ಅತಿ ಹಳೆಯ ದೊಡ್ಡ ದಾಖಲೆ ನಾಲ್ಕನೆಯ ಶತಮಾನದ ಗೋಥಿಕ್ ಬೈಬಲ್. ಅಲ್ಲಿ ‘ನೀವು ನಂಬುತ್ತೀರಾ’ ಎಂಬ ಪ್ರಶ್ನೆಗೆ ‘ಗ-ಉ-ಲೌಬ್ಯತ್ಸ್’ ಎಂಬ ರೂಪವಿದೆ. ಪ್ರಶ್ನಾರ್ಥಕ ‘ಉ’ ಉಪಸರ್ಗವನ್ನೂ ಧಾತುವನ್ನೂ ಸೀಳಿ ನಡುವೆ ಕುಳಿತಿದೆ. ಯೋಹಾನನ ಸುವಾರ್ತೆಯ 11ನೆಯ ಅಧ್ಯಾಯದಲ್ಲಿ ಸಮಾಧಿಯ ಕಲ್ಲನ್ನು ಎತ್ತುವುದಕ್ಕೂ ಯೇಸು ಕಣ್ಣೆತ್ತುವುದಕ್ಕೂ ‘ಉಸ್-ಹಫ್ಯನ್’ ಎಂಬ ಒಂದೇ ಕ್ರಿಯಾಪದ ಬಂದಿದೆ. ಕಣ್ಣೆತ್ತುವಲ್ಲಿ ಉಪಸರ್ಗಕ್ಕೂ ಧಾತುವಿಗೂ ನಡುವೆ ‘ಉಹ್’ ಎಂಬ ಸಣ್ಣ ಅವ್ಯಯ ಸೇರಿದೆ. ‘ಮೇಲೆ’ ಎಂಬರ್ಥದ ‘ಇಯುಪ್’ ಕರ್ಮಪದದ ಆಚೆಗೆ ನಿಂತಿದೆ. ಇಲ್ಲಿನ ‘ಹಫ್ಯನ್’ ಇಂದಿನ ಜರ್ಮನ್ ‘ಹೇಬೆನ್’ ಪದದ ಒಡಹುಟ್ಟು. ಲ್ಯಾಟಿನ್ನಿನ ‘ಕಾಪೆರೆ’ (ಹಿಡಿ, ತೆಗೆದುಕೊ) ಅದೇ ಮೂಲದ್ದು. ಎತ್ತುವ ಪದದೊಳಗೆ ಹಿಡಿಯುವ ಅರ್ಥ ಹುಟ್ಟಿನಿಂದಲೇ ಅಡಗಿತ್ತು ಎಂಬುದನ್ನು ಗಮನದಲ್ಲಿಡಬೇಕು.

ಮೂರು ಅರ್ಥಗಳನ್ನೂ ಒಟ್ಟಿಗೆ ನೋಡಲು ಸಿಗುವ ಒಳ್ಳೆಯ ಜಾಗ ಮಾರ್ಟಿನ್ ಲೂಥರನ ಬೈಬಲ್. ಅದರ ಹೊಸ ಒಡಂಬಡಿಕೆ 1522ರಲ್ಲಿ ಬಂತು, ಇಡೀ ಗ್ರಂಥ 1534ರಲ್ಲಿ. ಆದಿಕಾಂಡದ 13ನೆಯ ಅಧ್ಯಾಯದಲ್ಲಿ ಲೋಟನು ಕಣ್ಣೆತ್ತಿ ಯೊರ್ದನಿನ ಬಯಲನ್ನು ನೋಡುವಾಗ ಈ ಕ್ರಿಯಾಪದವಿದೆ. ಮತ್ತಾಯನ 14ನೆಯ ಅಧ್ಯಾಯದಲ್ಲಿ ಐದು ಸಾವಿರ ಜನ ಉಂಡ ಮೇಲೆ ಮಿಕ್ಕ ರೊಟ್ಟಿಯ ತುಂಡುಗಳನ್ನು ಹನ್ನೆರಡು ಬುಟ್ಟಿ ತುಂಬ ಎತ್ತಿಕೊಳ್ಳುವಾಗಲೂ ಇದೇ. ಎತ್ತುವುದು ಎತ್ತಿಡುವುದಾಗಿ ಬದಲಾಗುವ ಹೊಸ್ತಿಲು ಅದು: ತುಂಡುಗಳನ್ನು ಎತ್ತಿದ್ದು ಹಾಳಾಗದಿರಲೆಂದೇ. ರೋಮಾಪುರದವರಿಗೆ ಬರೆದ ಪತ್ರದ 3ನೆಯ ಅಧ್ಯಾಯದ ಕೊನೆಯಲ್ಲಿ, ನಂಬಿಕೆಯು ಧರ್ಮಶಾಸ್ತ್ರವನ್ನು ಇಲ್ಲವಾಗಿಸುತ್ತದೆಯೇ ಎಂಬ ಪೌಲನ ಪ್ರಶ್ನೆಯಲ್ಲಿ ಅದೇ ಪದ ರದ್ದುಪಡಿಸುವ ಅರ್ಥದಲ್ಲಿ ನಿಂತಿದೆ. ಪೌಲನ ಮರುಮಾತಿಗೆ ಲೂಥರ್ ಆರಿಸಿದ್ದು ‘ಔಫ್‌ರಿಖ್ಟೆನ್’, ಅಂದರೆ ನೆಟ್ಟಗೆ ನಿಲ್ಲಿಸು. ಅದೂ ‘ಔಫ್’ ಸೇರಿದ ಅಗಲುವ ಪದವೇ. ಕಾನೂನನ್ನು ಮೇಲೆತ್ತಿ ತೆಗೆಯುವುದಕ್ಕೂ ಮೇಲೆತ್ತಿ ನಿಲ್ಲಿಸುವುದಕ್ಕೂ ಒಂದೇ ಅವ್ಯಯ ಸಾಕಾಗಿದೆ.

ಎತ್ತುವ ಅರ್ಥ ರದ್ದುಪಡಿಸುವ ಅರ್ಥವಾಗುವುದು ಹೇಗೆ ಎಂಬುದಕ್ಕೆ ನುಡಿಗಟ್ಟುಗಳಲ್ಲಿ ಸುಳಿವಿದೆ. ಊಟ ಮುಗಿಸಿ ಏಳುವುದಕ್ಕೆ ಜರ್ಮನ್‌ನಲ್ಲಿ ‘ಡೀ ಟಾಫೆಲ್ ಔಫ್‌ಹೇಬೆನ್’ ಎನ್ನುತ್ತಾರೆ, ಅಂದರೆ ಮೇಜಿನ ಹಲಗೆ ಎತ್ತುವುದು. ಮಧ್ಯಯುಗದ ಮನೆಗಳಲ್ಲಿ ಊಟದ ಮೇಜು ಎಂದರೆ ಕಾಲುಗಳ ಮೇಲೆ ಹಾಸಿದ ಬಿಡಿ ಹಲಗೆ. ಉಂಡಾದ ಮೇಲೆ ಅದನ್ನು ನಿಜವಾಗಿಯೇ ಎತ್ತಿ ಒಯ್ಯುತ್ತಿದ್ದರು. ಹಲಗೆ ಎದ್ದರೆ ಊಟ ಮುಗಿಯಿತು. ಹೀಗೆ ಕಣ್ಣೆದುರಿನ ಎತ್ತುವಿಕೆ ಕೊನೆಗಾಣಿಸುವಿಕೆಯ ಗುರುತಾಯಿತು. ಮುತ್ತಿಗೆ, ಸಭೆ, ನಿಷೇಧ, ತೀರ್ಪು, ಮದುವೆ ಇವೆಲ್ಲ ಆ ದಾರಿಯಲ್ಲಿ ಬಂದ ಕರ್ಮಪದಗಳು. ಬಾಳೆಲೆಯ ಪಂಕ್ತಿಯಲ್ಲಿ ಉಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಎಲೆ ಎತ್ತಿದ ಮೇಲೆ ಬಡಿಸುವವರಿಲ್ಲ.

ಇಂದಿನ ಬಳಕೆಯಲ್ಲಿ ಅರ್ಥವನ್ನು ತೀರ್ಮಾನಿಸುವುದು ಹೆಚ್ಚಾಗಿ ಕರ್ಮಪದ. ಕಲ್ಲು, ಚೆಂಡು, ಬಿದ್ದ ಮಗು ಇದ್ದರೆ ಎತ್ತುವುದು. ರಸೀದಿ, ಹಳೆಯ ಕಾಗದ, ನಾಳೆಗೆಂದು ಬಿಟ್ಟ ಕೇಕು ಇದ್ದರೆ ಎತ್ತಿಡುವುದು. ಕಾನೂನು, ಆದೇಶ, ಗಡಿ, ನಿರ್ಬಂಧ ಇದ್ದರೆ ತೆಗೆದುಹಾಕುವುದು. ಪತ್ರದಂಥ ಪದ ಬಂದಾಗ ಮಾತ್ರ ಸಂದರ್ಭವೇ ದಿಕ್ಕು: ‘ಹೇಬ್ ಡೆನ್ ಬ್ರೀಫ್ ಔಫ್’ ಎಂದರೆ ಬಿದ್ದದ್ದನ್ನು ಎತ್ತಿಕೊ ಎಂದೂ ಆಗಬಹುದು, ಜೋಪಾನವಾಗಿ ಇಟ್ಟುಕೊ ಎಂದೂ ಆಗಬಹುದು. ಎರಡು ಬಲಗಳು ಒಂದನ್ನೊಂದು ಸರಿದೂಗಿಸಿ ಶೂನ್ಯವಾಗುವುದಕ್ಕೆ ‘ಸಿಖ್ ಔಫ್‌ಹೇಬೆನ್’ ಎಂಬ ಆತ್ಮಾರ್ಥಕ ರೂಪವಿದೆ. ‘ಗುಟ್ ಔಫ್‌ಗೆಹೋಬೆನ್’ ಎಂದರೆ ಒಳ್ಳೆಯವರ ಕೈಯಲ್ಲಿ ಸುರಕ್ಷಿತವಾಗಿರುವುದು. ಮುಂದೂಡಿದ್ದು ರದ್ದಾದಂತಲ್ಲ ಎಂಬ ಗಾದೆಯಲ್ಲಿ ‘ಔಫ್‌ಗೆಶೋಬೆನ್’, ‘ಔಫ್‌ಗೆಹೋಬೆನ್’ ಎರಡೂ ಪ್ರಾಸ ಕೂಡಿಸಿಕೊಂಡು ನಿಂತಿವೆ. ಸಣ್ಣ ವಿಷಯಕ್ಕೆ ದೊಡ್ಡ ಗದ್ದಲ ಮಾಡುವುದಕ್ಕೆ ‘ಫೀಲ್ ಔಫ್‌ಹೇಬೆನ್ಸ್’ ಎನ್ನುವುದುಂಟು. ಕತ್ತಿವರಸೆಯವರು ಕಾಳಗಕ್ಕೆ ಮುನ್ನ ನೆಲದ ಆಯುಧವನ್ನು ಆಡಂಬರದಿಂದ ಎತ್ತಿಕೊಳ್ಳುತ್ತಿದ್ದುದೇ ಇದರ ಮೂಲ ಎನ್ನುತ್ತಾರೆ. ಜರ್ಮನಿಯಲ್ಲಿ ಕೆಲಸಕ್ಕಿರುವ ಕನ್ನಡಿಗರು ಎಚ್ಚರದಿಂದ ಓದಬೇಕಾದ ಪದ ‘ಔಫ್‌ಹೇಬುಂಗ್ಸ್‌ಫೆರ್‌ಟ್ರಾಗ್’. ಕಂಪನಿಯೂ ನೌಕರನೂ ಒಪ್ಪಿ ಕೆಲಸದ ಕರಾರನ್ನು ಮುಗಿಸಿಕೊಳ್ಳುವ ಒಪ್ಪಂದ ಅದು. ಅದರಲ್ಲಿ ಏನನ್ನೂ ಎತ್ತಿಡುವುದಿಲ್ಲ.

ಕನ್ನಡದ ‘ಎತ್ತು’ ದ್ರಾವಿಡ ಭಾಷೆಗಳಲ್ಲಿ ವ್ಯಾಪಕವಾಗಿರುವ ಧಾತು. ತೆಲುಗಿನಲ್ಲಿ ಅದೇ ರೂಪದಲ್ಲಿದೆ. ಇದರ ಅರ್ಥವಿಸ್ತಾರವೂ ಕಡಿಮೆಯದಲ್ಲ. ಪ್ರಶ್ನೆ ಎತ್ತುತ್ತಾರೆ, ಚಂದಾ ಎತ್ತುತ್ತಾರೆ, ಚೀಟಿ ಎತ್ತುತ್ತಾರೆ, ಜನ್ಮ ಎತ್ತುತ್ತಾರೆ. ‘ಅಂಗಡಿ ಎತ್ತಿದರು’ ಎಂದರೆ ವ್ಯಾಪಾರ ಮುಗಿಸಿದರು. ‘ಎತ್ತಂಗಡಿ’ ಎಂಬ ಪದ ಸರ್ಕಾರಿ ನೌಕರರ ವರ್ಗಾವಣೆಗೆ ಅಂಟಿಕೊಂಡಿದೆ. ಎತ್ತುವುದು ಕೊನೆಗಾಣಿಸುವುದಾಗುವ ಜರ್ಮನ್ ದಾರಿಯೇ ಇದು. ಆದರೆ ಹೆಚ್ಚಿನ ಕಡೆ ಕನ್ನಡ ಧಾತುವನ್ನು ಒಂಟಿಯಾಗಿ ಬಿಡುವುದಿಲ್ಲ. ಅದರ ಭೂತನ್ಯೂನ ರೂಪಕ್ಕೆ ಇನ್ನೊಂದು ಕ್ರಿಯಾಪದ ಸೇರಿಸುತ್ತದೆ: ಎತ್ತಿಕೊ, ಎತ್ತಿಡು, ಎತ್ತಿಹಾಕು, ಎತ್ತಿಕಟ್ಟು, ಎತ್ತಿಹಿಡಿ, ಎತ್ತಿ ತೋರಿಸು. ‘ತೆಗೆ’ ಧಾತುವಿನದೂ ಇದೇ ಕ್ರಮ. ತೆಗೆದಿಟ್ಟರೆ ಉಳಿಯಿತು, ತೆಗೆದುಹಾಕಿದರೆ ಹೋಯಿತು. ಜರ್ಮನ್‌ನಲ್ಲಿ ಕರ್ಮಪದಕ್ಕೂ ಸಂದರ್ಭಕ್ಕೂ ಬಿಟ್ಟ ತೀರ್ಮಾನವನ್ನು ಕನ್ನಡ ‘ಇಡು’, ‘ಹಾಕು’ಗಳಿಗೆ ಒಪ್ಪಿಸಿದೆ. ಔಫ್‌ಹೇಬೆನ್ ಎಂದವನು ಉಳಿಸಿದನೋ ಅಳಿಸಿದನೋ ಎಂಬ ಸಂದೇಹಕ್ಕೆ ಎಡೆ ಇದೆ. ತೆಗೆದಿಟ್ಟೆ ಎಂದವನ ವಿಷಯದಲ್ಲಿ ಆ ಸಂದೇಹವಿಲ್ಲ.

ಈ ಜೋಡಿಗಳೂ ಒಂದು ಮಟ್ಟಿಗೆ ಅಗಲುತ್ತವೆ. ‘ಎತ್ತಿಯೇ ಇಟ್ಟಿದ್ದಾಳೆ’, ‘ತೆಗೆದೂ ಹಾಕಲಿಲ್ಲ’ ಎನ್ನುವಾಗ ಏ, ಊ ಕಾರಗಳು ನಡುವೆ ಸೇರುತ್ತವೆ. ಗೋಥಿಕ್ಕಿನ ‘ಉ’ ಕುಳಿತದ್ದೂ ಇಂಥ ಬಿರುಕಿನಲ್ಲೇ. ಆದರೆ ಜರ್ಮನ್ನಿನಂತೆ ಒಂದು ತುಂಡು ವಾಕ್ಯದ ಆರಂಭದ ಹತ್ತಿರ, ಇನ್ನೊಂದು ತುದಿಯಲ್ಲಿ ನಿಲ್ಲುವುದು ಕನ್ನಡಕ್ಕೆ ಸಾಧ್ಯವಿಲ್ಲ. ಮಾರ್ಕ್ ಟ್ವೈನ್ 1880ರ ತನ್ನ ಪ್ರವಾಸಗ್ರಂಥದ ಅನುಬಂಧವೊಂದರಲ್ಲಿ ಜರ್ಮನ್ ಭಾಷೆಯನ್ನು ಗೇಲಿ ಮಾಡುತ್ತ, ‘ಹೊರಟುಹೋದ’ ಎಂಬರ್ಥದ ‘ರೈಸ್ಟೆ ಆಬ್’ ಪದದ ಎರಡು ತುಂಡುಗಳ ನಡುವೆ ಇಡೀ ವಿದಾಯದ ದೃಶ್ಯವನ್ನೇ ತುರುಕಿ ತೋರಿಸಿದ್ದಾನೆ. ಆ ಗೇಲಿ ಇಂಗ್ಲಿಷ್ ಓದುಗನಿಗೆ ತಟ್ಟುವಷ್ಟು ಕನ್ನಡ ಓದುಗನಿಗೆ ತಟ್ಟಲಿಕ್ಕಿಲ್ಲ. ಕ್ರಿಯೆಗಾಗಿ ವಾಕ್ಯದ ಕೊನೆಯವರೆಗೆ ಕಾಯುವುದು ಅವನಿಗೆ ಹುಟ್ಟಿನ ಅಭ್ಯಾಸ. ಕೊನೆಯಲ್ಲಿ ಸಿಗುವುದು ಕ್ರಿಯೆಯಲ್ಲ, ಅದರ ಒಂದು ಚೂರು ಎಂಬುದಷ್ಟೇ ಅವನಿಗೆ ವಿಚಿತ್ರ.

ತೆಲುಗಿನ ಸಾಕ್ಷ್ಯ ಇನ್ನೂ ಹತ್ತಿರದ್ದು. ಆಂಧ್ರದ ಪತ್ರಿಕೆಗಳಲ್ಲಿ ‘ಎತ್ತಿವೇತ’ ಪ್ರತಿದಿನದ ಪದ. ವಿಜಯವಾಡದ ಪ್ರಕಾಶಂ ಬ್ಯಾರೇಜಿನ ಗೇಟುಗಳನ್ನು ಎತ್ತಿ ಕೃಷ್ಣಾ ನೀರು ಬಿಟ್ಟರೆ ‘ಗೇಟ್ಲು ಎತ್ತಿವೇತ’. ಅಧಿಕಾರಿಯ ಅಮಾನತು ತೆರವಾದರೆ ‘ಸಸ್ಪೆನ್ಷನ್ ಎತ್ತಿವೇತ’. ಕರ್ಫ್ಯೂ ಮುಗಿದರೂ, ಸರ್ಕಾರಿ ಯೋಜನೆಯೊಂದನ್ನು ನಿಲ್ಲಿಸಿದರೂ ಅದೇ ಪದ. ಲಾರಿಗಳ ರಿಪೇರಿಗೂ ಬಾಡಿ ಕಟ್ಟುವುದಕ್ಕೂ ಹೆಸರಾದ ವಿಜಯವಾಡದ ಆಟೋನಗರದಲ್ಲಿ ಜಾಕ್ ಹಾಕಿ ಗಾಡಿ ಎತ್ತುವುದೂ, ಅಲ್ಲಿನ ಪತ್ರಿಕೆಯಲ್ಲಿ ನಿಷೇಧ ಎತ್ತುವುದೂ ಒಂದೇ ಧಾತುವಿನಿಂದ. ಜರ್ಮನ್ನಿನ ಮೊದಲ ಮತ್ತು ಮೂರನೆಯ ಅರ್ಥಗಳನ್ನು ತೆಲುಗು ಹೀಗೆ ಒಂದೇ ರೂಪದಲ್ಲಿ ಹಿಡಿದಿದೆ. ಎರಡನೆಯದಕ್ಕೆ ಅದು ಬೇರೆ ಪದಕ್ಕೆ ಹೋಗುತ್ತದೆ. ಕನ್ನಡದ ಸುದ್ದಿಭಾಷೆ ಈ ಜಾಗದಲ್ಲಿ ‘ತೆರವು’, ‘ರದ್ದು’ಗಳನ್ನು ಕೂರಿಸಿದೆ. ‘ರದ್ದು’ ಅರಬ್ಬಿ ಮೂಲದ್ದು, ಆಡಳಿತದ ಭಾಷೆಯ ಮೂಲಕ ಬಂದದ್ದು.

ನ್ಯಾಯಾಲಯದ ವರದಿಗಳಲ್ಲಿ ಎರಡು ಭಾಷೆಗಳು ತೀರ ಎದುರುಬದುರಾಗುತ್ತವೆ. ಕೆಳ ನ್ಯಾಯಾಲಯದ ತೀರ್ಪನ್ನು ಮೇಲಿನ ನ್ಯಾಯಾಲಯ ‘ಎತ್ತಿಹಿಡಿಯಿತು’ ಎಂದರೆ ಕನ್ನಡದಲ್ಲಿ ತೀರ್ಪು ಉಳಿಯಿತು. ಜರ್ಮನ್ ನ್ಯಾಯಾಲಯ ತೀರ್ಪನ್ನು ‘ಔಫ್‌ಹೇಬೆನ್’ ಮಾಡಿತು ಎಂದರೆ ತೀರ್ಪು ಬಿದ್ದುಹೋಯಿತು. ಇಬ್ಬರೂ ಎತ್ತಿದ್ದು ನಿಜ. ಕನ್ನಡದ ನ್ಯಾಯಾಲಯ ಎತ್ತಿದ್ದನ್ನು ಕೈಯಲ್ಲಿ ಹಿಡಿದುಕೊಂಡಿದೆ. ಜರ್ಮನ್ ನ್ಯಾಯಾಲಯ ಊಟದ ಹಲಗೆಯಂತೆ ಎತ್ತಿ ಒಯ್ದಿದೆ.

ಈ ದಿನಬಳಕೆಯ ಪದವನ್ನು ತತ್ತ್ವಶಾಸ್ತ್ರಕ್ಕೆ ತಂದವರಲ್ಲಿ ಹೆಗೆಲ್ ಮೊದಲಿಗನಲ್ಲ. ಫ್ರೀಡ್ರಿಖ್ ಶಿಲ್ಲರ್ 1795ರ ಸೌಂದರ್ಯಶಿಕ್ಷಣದ ಪತ್ರಗಳಲ್ಲಿ ವಿರೋಧಿ ಸ್ಥಿತಿಗಳು ಉನ್ನತವಾದೊಂದರಲ್ಲಿ ಲಯವಾಗುವುದನ್ನು ಹೇಳಲು ಇದನ್ನು ಬಳಸಿದ್ದ. ಹೆಗೆಲ್ ಅದಕ್ಕೆ ಪಾರಿಭಾಷಿಕ ತೂಕ ಕೊಟ್ಟ. 1807ರ ‘ಫೆನೊಮೆನೊಲೊಗೀ’ಯಲ್ಲಿ ಪದ ಹೆಜ್ಜೆಹೆಜ್ಜೆಗೂ ಬರುತ್ತದೆ. 1812ರಿಂದ ಹೊರಬಂದ ‘ತರ್ಕವಿಜ್ಞಾನ’ದಲ್ಲಿ ಆಗುವಿಕೆಯ ಚರ್ಚೆ ಮುಗಿದಲ್ಲಿ ಈ ಪದಕ್ಕೆಂದೇ ಒಂದು ಟಿಪ್ಪಣಿಯಿದೆ. ಉಳಿಸುವುದು, ಕೊನೆಗಾಣಿಸುವುದು ಎಂಬ ಎರಡು ವಿರುದ್ಧ ಅರ್ಥಗಳು ಒಂದೇ ಪದದಲ್ಲಿರುವುದು ಚಿಂತಕನಿಗೆ ಸಂತೋಷದ ವಿಷಯ ಎಂಬುದು ಅದರ ತಾತ್ಪರ್ಯ. ವಿಚಾರವೊಂದು ತನ್ನ ವಿರೋಧಿಯೊಡನೆ ಸೇರಿ ಮುಂದಿನ ಹಂತಕ್ಕೆ ಏರಿದಾಗ ಅದರ ಬಿಡಿ ಸ್ಥಿತಿ ಅಳಿಯುತ್ತದೆ, ಸತ್ವ ಅದರೊಳಗೇ ಉಳಿಯುತ್ತದೆ. ‘ಇರುವಿಕೆ’ಯೂ ‘ಇಲ್ಲದಿರುವಿಕೆ’ಯೂ ‘ಆಗುವಿಕೆ’ಯೊಳಗೆ ಹೀಗೆ ಸೇರಿಹೋಗುತ್ತವೆ.

ಅದೇ ಟಿಪ್ಪಣಿಯಲ್ಲಿ ಹೆಗೆಲ್ ಲ್ಯಾಟಿನ್ನಿನ ‘ತೊಲ್ಲೆರೆ’ ಪದವನ್ನು ನೆನೆಯುತ್ತಾನೆ. ಅದಕ್ಕೂ ಎತ್ತು, ತೆಗೆದುಬಿಡು ಎಂಬೆರಡು ಅರ್ಥಗಳುಂಟು. ಕ್ರಿ.ಪೂ. 43ರಲ್ಲಿ ಸಿಸೆರೊ ತರುಣ ಆಕ್ಟೇವಿಯನ್ನನ ಬಗ್ಗೆ, ಅವನನ್ನು ಹೊಗಳಬೇಕು, ಗೌರವಿಸಬೇಕು, ‘ಎತ್ತಬೇಕು’ ಎಂದು ಚಟಾಕಿ ಹಾರಿಸಿದ್ದನೆಂದು ಪ್ರತೀತಿ. ಮೇಲಕ್ಕೇರಿಸಬೇಕು ಎಂದೂ ಮುಗಿಸಿಬಿಡಬೇಕು ಎಂದೂ ಕೇಳುವ ಮಾತು. ಆದರೆ ಲ್ಯಾಟಿನ್ ಪದದಲ್ಲಿ ಉಳಿಸುವ ಅರ್ಥ ಅಷ್ಟು ಬೆಳೆದಿಲ್ಲ, ಅದು ಏರಿಸುವುದರಲ್ಲೇ ನಿಲ್ಲುತ್ತದೆ ಎಂದು ಹೆಗೆಲ್ ಜರ್ಮನ್ನಿಗೆ ಮೇಲುಗೈ ಕೊಡುತ್ತಾನೆ. ಅವನ ಈ ಹೆಮ್ಮೆಗೆ ಭಾಷಾಶಾಸ್ತ್ರದ ಆಧಾರ ತೆಳುವಾದದ್ದು. ಜರ್ಮನ್ ಮಾತುಗಾರ ಒಂದು ವಾಕ್ಯದಲ್ಲಿ ಎರಡೂ ಅರ್ಥಗಳನ್ನು ಒಟ್ಟಿಗೆ ಉದ್ದೇಶಿಸುವುದಿಲ್ಲ. ರಸೀದಿಯನ್ನು ಎತ್ತಿಡುವವನು ಅದನ್ನು ರದ್ದು ಮಾಡುತ್ತಿಲ್ಲ. ಬೇರೆ ಬೇರೆ ಕರ್ಮಪದಗಳೊಡನೆ ಬಾಳುತ್ತಿದ್ದ ಅರ್ಥಗಳನ್ನು ಒಂದೇ ಕರ್ಮಪದದ ಮೇಲೆ ಹೇರಿದ್ದು ಹೆಗೆಲ್ಲನ ಕೆಲಸ. ಭಾಷೆ ಅದಕ್ಕೆ ಅಡ್ಡಿ ಮಾಡಲಿಲ್ಲ ಅಷ್ಟೆ.

ಹೆಗೆಲ್ 1788ರಿಂದ 1793ರವರೆಗೆ ಓದಿದ್ದು ಟ್ಯೂಬಿಂಗೆನ್‌ನಲ್ಲಿ. ಅವನು ತೀರಿಕೊಂಡ 1831ರ ಆಸುಪಾಸಿನಲ್ಲಿ ಅದೇ ಊರಿನಲ್ಲಿ ದೇವತಾಶಾಸ್ತ್ರ ಓದುತ್ತಿದ್ದ ಹೆರ್ಮನ್ ಮೋಗ್ಲಿಂಗ್ 1836ರಲ್ಲಿ ಬಾಸೆಲ್ ಮಿಷನ್ನಿನಿಂದ ಮಂಗಳೂರಿಗೆ ಬಂದ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ. ಅವನ ಬಂಧು ಗಾಟ್‌ಫ್ರೀಡ್ ವೈಗ್ಲೆ ಕನ್ನಡ ಬೈಬಲಿನ ಪರಿಷ್ಕರಣೆಯಲ್ಲಿ ತೊಡಗಿದ್ದ. 1853ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲ್ 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿದ; 1894ರಲ್ಲಿ ಅವನ ನಿಘಂಟು ಬಂತು, 1903ರಲ್ಲಿ ವ್ಯಾಕರಣ. ಲೂಥರನ ಬೈಬಲಿನ ಜರ್ಮನ್ ಇವರೆಲ್ಲರಿಗೂ ಬಾಲ್ಯದ ಭಾಷೆ. ಕೇಶಿರಾಜ ವಿವರಿಸಿದ ಕ್ರಿಯಾಸಮಾಸ, ಅಂದರೆ ‘ಮೈಯಂ ತೊಳೆದಂ’ ಎಂಬುದು ‘ಮೈದೊಳೆದಂ’ ಆಗುವ ಬಗೆ, ಅಗಲುವ ಪದಗಳನ್ನು ಉಸಿರಾಡಿದವನಿಗೆ ತೀರ ಪರಕೀಯವಾಗಿ ಕಂಡಿರಲಾರದು. ಆದರೆ ಕಿಟ್ಟೆಲ್ ನಿಘಂಟಿನ ಅರ್ಥಗಳಿರುವುದು ಇಂಗ್ಲಿಷಿನಲ್ಲಿ. ಜರ್ಮನ್ನನೊಬ್ಬ ಕನ್ನಡಕ್ಕೆ ಮಾಡಿದ ಅತಿ ದೊಡ್ಡ ಕೋಶದಲ್ಲಿ ‘ಎತ್ತು’, ‘ಔಫ್‌ಹೇಬೆನ್’ಗಳು ಮುಖಾಮುಖಿಯಾಗಲಿಲ್ಲ.

ಕನ್ನಡಕ್ಕೆ ಹೆಗೆಲ್ ಬಂದದ್ದೂ ಇಂಗ್ಲಿಷಿನ ಬಾಗಿಲಿನಿಂದ. 1865ರಲ್ಲಿ ಹೆಗೆಲ್ ಕುರಿತು ಬರೆದ ಸ್ಕಾಟ್ಲೆಂಡಿನ ಜೇಮ್ಸ್ ಹಚಿಸನ್ ಸ್ಟರ್ಲಿಂಗ್ ಬಳಸಿದ ‘ಸಬ್ಲೇಟ್’ ಎಂಬ ಪದ, 1969ರ ಎ. ವಿ. ಮಿಲ್ಲರ್ ಅನುವಾದದ ನಂತರ ಬಹುಮಟ್ಟಿಗೆ ನೆಲೆಗೊಂಡಿತು. ಅದು ‘ತೊಲ್ಲೆರೆ’ಯ ಕೃದಂತದಿಂದಲೇ ಹುಟ್ಟಿದ್ದು, ಹೆಗೆಲ್ ಯಾವ ಪದವನ್ನು ಸಾಲದೆಂದನೋ ಅದರ ಮಗುವೇ ಅವನ ಪದದ ಪ್ರತಿನಿಧಿಯಾಯಿತು. ಫ್ರೆಂಚ್‌ನಲ್ಲಿ ಜಾಕ್ ಡೆರಿಡಾ ಎತ್ತುವುದು, ಒಬ್ಬನನ್ನು ಕೆಲಸದಿಂದ ಬಿಡಿಸುವುದು ಎರಡನ್ನೂ ಸೂಚಿಸುವ ‘ರೆಲೆವೆ’ ಪದವನ್ನು ಮುಂದಿಟ್ಟ. ಇಂಗ್ಲಿಷಿನಲ್ಲಿ ಬರೆದ ವೇದಾಂತದ ಪುಸ್ತಕಗಳು ಅದ್ವೈತದ ‘ಬಾಧ’ಕ್ಕೂ ‘ಸಬ್ಲೇಷನ್’ ಬಳಸಿ ಹೊಸ ಗೊಂದಲ ತಂದಿವೆ. ಹಗ್ಗದ ಜ್ಞಾನ ಹಾವಿನ ಭ್ರಮೆಯನ್ನು ಬಾಧಿಸಿದಾಗ ಹಾವಿನದೇನೂ ಮೇಲಿನ ಹಂತಕ್ಕೆ ಏರಿ ಉಳಿಯುವುದಿಲ್ಲ. ಉಳಿಯುವ ಹಗ್ಗ ಮೊದಲೂ ಹಗ್ಗವೇ. ಆದ್ದರಿಂದ ‘ಬಾಧ’ವನ್ನು ಹೆಗೆಲ್ಲನ ಪದಕ್ಕೆ ಕನ್ನಡವೆಂದು ಹಿಂದಿರುಗಿಸುವುದು ತಪ್ಪುದಾರಿ.

ಕಾರ್ಲ್ ಮಾರ್ಕ್ಸ್‌ನಲ್ಲಿ ಪದ ಎರಡು ಪಾತ್ರ ವಹಿಸುತ್ತದೆ. ತತ್ತ್ವಜ್ಞಾನವನ್ನು ಕಾರ್ಯರೂಪಕ್ಕೆ ತರದೆ ಅದನ್ನು ‘ಔಫ್‌ಹೇಬೆನ್’ ಮಾಡಲಾಗದು ಎಂಬ 1844ರ ವಾದದಲ್ಲಿ ಹೆಗೆಲ್ಲನ ಧ್ವನಿ ಪೂರ್ತಿ ಇದೆ. 1848ರ ಕಮ್ಯುನಿಸ್ಟ್ ಪ್ರಣಾಳಿಕೆ ಖಾಸಗಿ ಆಸ್ತಿಯ ‘ಔಫ್‌ಹೇಬುಂಗ್’ ಎನ್ನುವಾಗ ಅದೇ ಧ್ವನಿಯೋ, ಕಾನೂನಿನ ಭಾಷೆಯ ಸರಳ ರದ್ದತಿಯೋ ಎಂಬುದರ ಬಗ್ಗೆ ವಾದವಿದೆ. 1888ರ ಇಂಗ್ಲಿಷ್ ಅನುವಾದ ರದ್ದತಿಯನ್ನೇ ಆರಿಸಿತು. ಕನ್ನಡದ ‘ಖಾಸಗಿ ಆಸ್ತಿಯ ರದ್ದತಿ’ ಅದರ ಬೆನ್ನಿಗೆ ಬಂದ ಮಾತು. ಮಾರ್ಕ್ಸ್‌ನ ಸಂಗಾತಿ ಎಂಗೆಲ್ಸ್ 1878ರಲ್ಲಿ ಡ್ಯೂರಿಂಗ್ ವಿರುದ್ಧದ ತನ್ನ ಗ್ರಂಥದಲ್ಲಿ ರಾಜ್ಯಸಂಸ್ಥೆಯ ಅಂತ್ಯವನ್ನು ಹೇಳುವಾಗ ಬೇರೆ ಎರಡು ಅಗಲುವ ಪದಗಳನ್ನು ತೂಗಿ ನೋಡಿದ: ಅದನ್ನು ‘ಆಬ್‌ಶಾಫೆನ್’ (ಕಿತ್ತುಹಾಕು) ಮಾಡಬೇಕಿಲ್ಲ, ಅದು ತಾನೇ ‘ಆಬ್‌ಸ್ಟೆರ್ಬೆನ್’ (ಒಣಗಿ ಸಾಯು) ಆಗುತ್ತದೆ ಎಂದ. ಇಂಥ ಕಡೆ ಉಪಸರ್ಗ ‘ಆಬ್’ ಎರಡಕ್ಕೂ ಸಮಾನ, ರಾಜಕೀಯವಿರುವುದು ಧಾತುವಿನಲ್ಲಿ.

ಕನ್ನಡದಲ್ಲಿ ಹೆಗೆಲ್ಲನ ಪದಕ್ಕೆ ಒಂದೇ ಕ್ರಿಯಾಪದ ಹುಡುಕುವುದು ಕಷ್ಟ. ಭಾಷೆಯ ಬಡತನ ಅದಕ್ಕೆ ಕಾರಣವಲ್ಲ. ‘ಎತ್ತಿ’ ಎಂದ ಕೂಡಲೇ ಕನ್ನಡ ಮುಂದಿನ ಕ್ರಿಯೆ ಯಾವುದೆಂದು ಕೇಳುತ್ತದೆ. ‘ಇಡು’ ಎಂದರೆ ಅಳಿವು ಬಿಟ್ಟುಹೋಗುತ್ತದೆ, ‘ಹಾಕು’ ಎಂದರೆ ಉಳಿವು. ‘ಮೇಲೆತ್ತು’ ರೂಪದಲ್ಲಿ ‘ಔಫ್’ ‘ಹೇಬೆನ್’ಗಳಿಗೆ ಸರಿಸಾಟಿ, ಆದರೆ ಅದರಲ್ಲಿ ಉದ್ಧಾರದ ಅರ್ಥವಷ್ಟೇ ಬೆಳೆದಿದೆ. ‘ನಿಷೇಧದ ನಿಷೇಧ’ ಎಂಬ ಸಂಸ್ಕೃತಮೂಲದ ಪಾರಿಭಾಷಿಕವು ಇಡೀ ಪ್ರಕ್ರಿಯೆಯನ್ನು ಹೆಸರಿಸುತ್ತದೆಯೇ ಹೊರತು ಕ್ರಿಯಾಪದವಾಗಿ ವಾಕ್ಯದಲ್ಲಿ ದುಡಿಯುವುದಿಲ್ಲ. ತತ್ತ್ವಶಾಸ್ತ್ರದ ಅನುವಾದದಲ್ಲಿ ‘ಒಳಗೊಂಡು ಮೀರು’ ಎಂಬ ಜೋಡಿ ಕೆಲಸಕ್ಕೆ ಬರುತ್ತದೆ. ಭೂತನ್ಯೂನ ಉಳಿವನ್ನು ಹೇಳುತ್ತದೆ, ಪೂರ್ಣಕ್ರಿಯೆ ಹಳೆಯ ಸ್ಥಿತಿಯ ಅಂತ್ಯವನ್ನು. ಎತ್ತುವ ಚಿತ್ರ ಮಾತ್ರ ಬಿಟ್ಟುಹೋಗುತ್ತದೆ. ಕಾನೂನು, ಪತ್ರಿಕೆ, ಮನೆಮಾತುಗಳ ಅನುವಾದದಲ್ಲಿ ಈ ತೊಡಕಿಲ್ಲ. ಅಲ್ಲಿ ಕರ್ಮಪದವನ್ನು ನೋಡಿಕೊಂಡು ತೀರ್ಪಿಗೆ ‘ರದ್ದುಪಡಿಸು’, ನಿರ್ಬಂಧಕ್ಕೆ ‘ತೆರವುಗೊಳಿಸು’, ರಸೀದಿಗೆ ‘ತೆಗೆದಿಡು’, ಬಿದ್ದ ಮಗುವಿಗೆ ‘ಎತ್ತಿಕೊ’ ಎಂದು ಬರೆದರೆ ಸಾಕು.